ಉಸಿರಿಗೊಂದು ಪಕ್ಕವಾದ್ಯ

ಕಚೇರಿಯಲ್ಲಿ ಪಕ್ಕವಾದ್ಯಗಾರನಿಗೆ ಇರತಕ್ಕ ಮೊದಲನೆಯ ಗುಣ ಯಾವುದೆಂದು, ಬಾಲ್ಯದಲ್ಲಿ, ನಮ್ಮ ಬೀದಿಯಲ್ಲಿದ್ದ ಮೃದಂಗದ ಮೇಷ್ಟ್ರೊಬ್ಬರನ್ನು ನಾನು ಕೇಳಿದ್ದುಂಟು. ಕೈಯ ವೇಗವೆಂದೋ ಲೆಕ್ಕಾಚಾರದ ಬಿಗಿಯೆಂದೋ ಅವರು ಹೇಳಬಹುದೆಂದು ಎಣಿಸಿದ್ದೆ. ಅವರು ಬಾಯಿಯ ಎಲೆಯಡಿಕೆಯನ್ನು ಒಂದು ಕಡೆಗೆ ಒತ್ತರಿಸಿಕೊಂಡು, "ಕಣ್ಣು ಕಣಯ್ಯಾ, ಕಣ್ಣು. ಹಾಡೋರು ಎಲ್ಲಿ ಉಸಿರು ತಗೋತಾರೆ ಅಂತ ನೋಡ್ತಾ ಇರ್ಬೇಕು" ಎಂದುಬಿಟ್ಟರು. ಉಸಿರನ್ನು ನೋಡಿ ನುಡಿಸತಕ್ಕದ್ದು ಪಕ್ಕವಾದ್ಯ. ಗಾಯಕನು ನಿಂತರೆ ತಾನೂ ನಿಲ್ಲತಕ್ಕದ್ದು, ಅವನು ಏರಿದರೆ ಏರತಕ್ಕದ್ದು, ಅವನು ಮೌನವನ್ನಿರಿಸಿದ ಎಡೆಯಲ್ಲಿ ತನ್ನ ಜಾಣ್ಮೆಯನ್ನು ಮೆರೆಯುವ ಚಪಲವನ್ನು ಅದುಮಿಕೊಳ್ಳತಕ್ಕದ್ದು. ಈ ಮಾತು ಐವತ್ತು ವರ್ಷಗಳ ತರುವಾಯ ನನಗೆ ನೆನಪಾದುದು ಸಂಗೀತಸಭೆಯಲ್ಲಲ್ಲ, ಬೆಂಗಳೂರಿನ ಯೋಗಶಾಲೆಯೊಂದರ ಮೂರನೆಯ ಮಹಡಿಯಲ್ಲಿ, ತ್ರಿಕೋಣಾಸನದಲ್ಲಿ ಬಲಗೈಯಿಂದ ಬಲಪಾದವನ್ನು ಮುಟ್ಟಲೆತ್ನಿಸುತ್ತ ಬಾಗಿ ನಿಂತಿದ್ದಾಗ.

ಶಾಲೆಯ ಮೂಲೆಯಲ್ಲಿದ್ದ ಅಂಗೈಯಗಲದ ಸ್ಪೀಕರಿನಿಂದ ಕೊಳಲೊಂದು ಹೊರಡುತ್ತಿತ್ತು. ಕೊಳಲಿನ ಹಿಂದೆ ಝರಿಯ ಸದ್ದು, ಝರಿಯ ಹಿಂದೆ ಯಾವ ಕಾಡಿನವೆಂದು ಹೇಳಲಾಗದ ಹಕ್ಕಿಗಳು, ಇವೆಲ್ಲದರ ಅಡಿಗೆ ಯಂತ್ರದಿಂದ ಹುಟ್ಟಿಸಿದ, ಎಲ್ಲಿ ಮೊದಲಾಗಿ ಎಲ್ಲಿ ಮುಗಿಯಿತೆಂದು ತಿಳಿಯದ ಒಂದು ಮೆತ್ತನೆಯ ಗುಂಯ್ಗುಡುವಿಕೆ. ಬೆಳಗಿನ ಆರು ಗಂಟೆಗೆ ಬಾಗೇಶ್ರೀಯ ಛಾಯೆ. ರಾತ್ರಿಯ ರಾಗವನ್ನು ಪ್ರಾತಃಕಾಲದಲ್ಲಿ ಕೇಳಿಸಿದ ದೋಷವನ್ನು ಹಿಂದೂಸ್ತಾನಿಯವರು ಎತ್ತಿಯಾರು, ದಕ್ಷಿಣದವನಾದ ನಾನು ಅದನ್ನು ಕ್ಷಮಿಸಿದೆ. ಕ್ಷಮಿಸಲಾಗದೆ ಹೋದುದು ಬೇರೊಂದು. ನನ್ನ ರೇಚಕವಿನ್ನೂ ಅರ್ಧದಲ್ಲಿರುವಾಗಲೇ ಕೊಳಲು ಮಧ್ಯಮದಿಂದ ಮೆಲ್ಲನೆ ಹತ್ತಿ ತಾರಷಡ್ಜವನ್ನು ಮುಟ್ಟಿತು. ಮುಟ್ಟಿದೊಡನೆ, ಬುದ್ಧಿಯ ಅಪ್ಪಣೆಯನ್ನು ಬೇಡದೆ, ನನ್ನ ಎದೆ ಉಬ್ಬಿತು. ಹೊರಕ್ಕೆ ಹೋಗಬೇಕಾಗಿದ್ದ ಉಸಿರು ಒಳಕ್ಕೆ ಬಂದಿತು. ಕೊಳಲು ನನ್ನನ್ನು ನೋಡಿರಲಿಲ್ಲ. ಈ ಪಕ್ಕವಾದ್ಯಕ್ಕೆ ಕಣ್ಣಿಲ್ಲ.

ಯೋಗಾಭ್ಯಾಸಕ್ಕೆ ಸಂಗೀತವನ್ನು ಆಯ್ದು ಜೋಡಿಸುವುದು ಈಗ ಒಂದು ಕಲೆಯೆನ್ನಿಸಿಕೊಳ್ಳುವ ಮಟ್ಟಿಗೆ ಬೆಳೆದಿದೆ. ಪ್ರಾರ್ಥನೆಗೆ ಇಂತಹದು, ನಿಂತು ಮಾಡುವ ಆಸನಗಳಿಗೆ ಚುರುಕಾದದ್ದು, ಶವಾಸನಕ್ಕೆ ನೀರಿನಂತಹದು ಎಂದು ಪ್ಲೇಲಿಸ್ಟುಗಳನ್ನು ಹೆಣೆಯುವ ಶಿಕ್ಷಕರುಂಟು. ಅವುಗಳ ಗುಣತಾರತಮ್ಯವನ್ನು ಚರ್ಚಿಸುವ ಶಿಷ್ಯರುಂಟು. ಯೋಗದಿನವಾದ ಜೂನ್ 21ರಂದು ಮೈದಾನದಲ್ಲಿ ಸಾವಿರಾರು ಮಂದಿ ಒಟ್ಟಿಗೆ ಕೈಯೆತ್ತುವಾಗ ಧ್ವನಿವರ್ಧಕದಿಂದ ಸಿತಾರನ್ನು ಸುರಿಸದಿದ್ದರೆ ಮರ್ಯಾದೆಗೆ ಕೊರತೆಯಾಯಿತೆಂದು ಭಾವಿಸುವ ವ್ಯವಸ್ಥಾಪಕರೂ ಉಂಟು. ಕಲೆಯೆನ್ನಿಸಿಕೊಂಡದ್ದು ವಿಮರ್ಶೆಗೆ ಒಳಪಡಬೇಕಾದದ್ದು ನ್ಯಾಯ. ಇದು ಋಷಿಗಳ ಕಾಲದಿಂದ ಬಂದ ಪದ್ಧತಿಯೆಂದು ನಂಬಿರುವವರಿಗೆ ಮಾತ್ರ ಒಂದು ಸಂಗತಿಯನ್ನು ಮೊದಲೇ ತಿಳಿಸಿಬಿಡಬೇಕು. ಯೋಗಧ್ಯಾನಕ್ಕೆಂದೇ ಹೆಸರಿಟ್ಟು ಹೊರಟ ಮೊದಮೊದಲ ಧ್ವನಿಮುದ್ರಿಕೆಗಳಲ್ಲಿ ಪ್ರಸಿದ್ಧವಾದುದು 1968ರದು. ಅದನ್ನು ಮಾಡಿದಾತ ಟೋನಿ ಸ್ಕಾಟ್ ಎಂಬ ಅಮೆರಿಕದ ಜಾಸ್ ಕ್ಲಾರಿನೆಟ್ ವಾದಕ, ಜೊತೆಗೆ ಸಿತಾರ್ ಹಿಡಿದವನು ಕಾಲಿನ್ ವಾಲ್ಕಾಟ್ ಎಂಬ ಮತ್ತೊಬ್ಬ ಅಮೆರಿಕನ್. ಅದಕ್ಕೆ ಕೆಲವು ವರ್ಷಗಳ ಹಿಂದೆ ಅದೇ ಸ್ಕಾಟ್ ಜಪಾನಿನ ಝೆನ್ ಧ್ಯಾನಕ್ಕೂ ಇಂತಹದೇ ಒಂದನ್ನು ಮಾಡಿದ್ದನು. ಮುಂದೆ 1984ರಲ್ಲಿ ನ್ಯೂಯಾರ್ಕಿನಲ್ಲಿ ಶರಾನ್ ಗ್ಯಾನನ್ ಮತ್ತು ಡೇವಿಡ್ ಲೈಫ್ ಎಂಬಿಬ್ಬರು ಜೀವನ್ಮುಕ್ತಿಯ ಹೆಸರಿನಲ್ಲಿ ತೆರೆದ ಶಾಲೆ, ನಾದವನ್ನು ತನ್ನ ಐದು ಮೂಲತತ್ತ್ವಗಳಲ್ಲಿ ಒಂದಾಗಿ ಎಣಿಸಿ, ಆಸನಗಳ ನಡುವೆ ಧ್ವನಿಮುದ್ರಿತ ಸಂಗೀತವನ್ನು ಹರಿಯಿಸುವುದನ್ನು ಒಂದು ಸಂಪ್ರದಾಯವನ್ನಾಗಿಯೇ ಮಾಡಿತು.

ಆ ಇಬ್ಬರೂ ಮೈಸೂರಿಗೆ ಬಂದು ಪಟ್ಟಾಭಿ ಜೋಯಿಸರಲ್ಲಿ ಕಲಿತವರು. ಜೋಯಿಸರ ಶಾಲೆಯಲ್ಲಾದರೋ ಸಂಗೀತವೆಂಬುದರ ಸುಳಿವೇ ಇರಲಿಲ್ಲ. ಲಕ್ಷ್ಮೀಪುರದ ಆ ಸಣ್ಣ ಕೋಣೆಯಲ್ಲಾಗಲಿ ಅನಂತರ ಗೋಕುಲದ ದೊಡ್ಡ ಶಾಲೆಯಲ್ಲಾಗಲಿ ಕೇಳಿಬರುತ್ತಿದ್ದುದು, ಕಂಠದ ಹಿಂಭಾಗವನ್ನು ತುಸು ಬಿಗಿಹಿಡಿದು ಎಳೆದು ಬಿಡುವ ಉಸಿರಿನ ಮೊರೆತ, ಚಾಪೆಯ ಮೇಲೆ ಪಾದವೂರುವ ಸಪ್ಪಳ, ಗುರುವು ಎಲ್ಲರಿಗೂ ಒಟ್ಟಿಗೆ ಪಾಠ ನಡೆಸುವ ದಿನ ಸಂಸ್ಕೃತದಲ್ಲಿ ಎಣಿಸುವ ಅಂಕೆ. ಸೂರ್ಯನಮಸ್ಕಾರದ ಮೊದಲನೆಯ ಬಗೆಗೆ ಒಂಬತ್ತು ವಿನ್ಯಾಸ, ಎರಡನೆಯದಕ್ಕೆ ಹದಿನೇಳು. ಒಂದೊಂದು ಅಂಕೆಗೆ ಒಂದು ಪೂರಕ ಅಥವಾ ಒಂದು ರೇಚಕ. ಜೋಯಿಸರಿಗೆ ಇದನ್ನು ಕಲಿಸಿದ ತಿರುಮಲೈ ಕೃಷ್ಣಮಾಚಾರ್ಯರು, ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ ಜನಿಸಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಿಂದ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಯಿಸಿದವರು. ಆ ಕಾಲದ ಮೈಸೂರನ್ನು ಒಮ್ಮೆ ನೆನೆಯಬೇಕು: ಮಹಾರಾಜರು ಸ್ವತಃ ಹಲವು ವಾದ್ಯಗಳನ್ನು ಬಲ್ಲವರು, ಆಸ್ಥಾನದಲ್ಲಿ ವಾಸುದೇವಾಚಾರ್ಯರು, ಮುತ್ತಯ್ಯ ಭಾಗವತರು, ವೀಣೆ ವೆಂಕಟಗಿರಿಯಪ್ಪನವರು. ಆಸನಕ್ಕೆ ಸಂಗೀತವು ಬೇಕಾದುದೇ ಆಗಿದ್ದರೆ ಅದಕ್ಕೆ ಪ್ರಪಂಚದಲ್ಲಿ ಇದಕ್ಕಿಂತ ಅನುಕೂಲವಾದ ಸ್ಥಳವಿರಲಿಲ್ಲ. ಆದರೂ ಆಚಾರ್ಯರು ಯಾವ ವೈಣಿಕರನ್ನೂ ಕರೆಯಲಿಲ್ಲ. ಏಕೆ ಕರೆಯಲಿಲ್ಲವೆಂಬುದಕ್ಕೆ ಉತ್ತರವು ಅವರು ಕನ್ನಡದಲ್ಲಿಯೇ ಬರೆದ 'ಯೋಗಾಸನಗಳು' (1941) ಎಂಬ ಪುಸ್ತಕದ ಒಂದು ಹೋಲಿಕೆಯಲ್ಲಿ ಅಡಗಿದೆಯೆಂದು ನನಗೆ ತೋರುತ್ತದೆ. ಶ್ರುತಿಲಯಗಳಿಲ್ಲದ ಸಂಗೀತವು ಹೇಗೆ ಸುಖವನ್ನು ಕೊಡಲಾರದೋ ಹಾಗೆ ವಿನ್ಯಾಸವಿಲ್ಲದ ಆಸನವು ಆರೋಗ್ಯವನ್ನು ಕೊಡಲಾರದೆಂಬುದು ಅಲ್ಲಿಯ ಭಾವ. ಅಂದರೆ ಅವರ ದೃಷ್ಟಿಯಲ್ಲಿ ಅಭ್ಯಾಸಿಯ ದೇಹವೇ ಹಾಡುತ್ತಿರುವ ವಿದ್ವಾಂಸ. ಉಸಿರೇ ಅದರ ಶ್ರುತಿ, ಉಸಿರೇ ಅದರ ಲಯ. ಒಬ್ಬರು ಹಾಡುತ್ತಿರುವ ವೇದಿಕೆಯ ಮೇಲೆ ಅವರ ಕಡೆಗೆ ಬೆನ್ನು ತಿರುಗಿಸಿಕೊಂಡು ಮತ್ತೊಬ್ಬರು ಬೇರೊಂದು ಕೃತಿಯನ್ನು ಎತ್ತಿಕೊಂಡರೆ ಸಭಿಕರು ಏನೆನ್ನುವರು?

ಶಾಸ್ತ್ರಾಧಾರವನ್ನು ತರುವವರು ಸಾಮಾನ್ಯವಾಗಿ ಹಠಯೋಗಪ್ರದೀಪಿಕೆಯ ನಾಲ್ಕನೆಯ ಉಪದೇಶವನ್ನು ತೋರಿಸುತ್ತಾರೆ. ಹದಿನೈದನೆಯ ಶತಮಾನದ ಸ್ವಾತ್ಮಾರಾಮನು ಅಲ್ಲಿ ನಾದಾನುಸಂಧಾನವನ್ನು ವಿಸ್ತಾರವಾಗಿ ಹೇಳಿದ್ದಾನೆಂಬುದು ದಿಟ. ಮೊದಲಿಗೆ ಸಮುದ್ರ, ಮೋಡ, ಭೇರಿಗಳ ಘೋಷ. ನಡುವೆ ಮದ್ದಲೆ, ಶಂಖ, ಗಂಟೆ, ಕಹಳೆ. ಕಡೆಗೆ ಕಿಂಕಿಣಿ, ಕೊಳಲು, ವೀಣೆ, ದುಂಬಿ: ಹೀಗೆ ಸ್ಥೂಲದಿಂದ ಸೂಕ್ಷ್ಮಕ್ಕೆ ಇಳಿಯುವ ಆ ಪಟ್ಟಿಯ ಸೊಬಗು ಎಂತಹ ಅರಸಿಕನನ್ನೂ ತಟ್ಟುವಂತಹದು. ಆದರೆ ಈ ವಾದ್ಯಗಳನ್ನು ಯಾರೂ ನುಡಿಸುವುದಿಲ್ಲ. ಒಳಗೆ ಕೇಳುವ ಧ್ವನಿ ಅವುಗಳಂತೆ ಇರುತ್ತದೆಂಬುದು ಉಪಮೆ. ಆ ಧ್ವನಿಯನ್ನು ಕೇಳಬೇಕಾದರೆ ಎರಡು ಕೈಗಳಿಂದಲೂ ಕಿವಿಗಳನ್ನು ಮುಚ್ಚಿಕೊಳ್ಳಬೇಕೆಂದು ಗ್ರಂಥಕಾರನು ಸ್ಪಷ್ಟವಾಗಿ ವಿಧಿಸುತ್ತಾನೆ. ಕಿವಿ ಮುಚ್ಚಿಕೋ ಎಂದ ಪುಸ್ತಕವನ್ನೇ ಸಾಕ್ಷಿಗೆ ಕರೆದು ಕಿವಿಯೊಳಕ್ಕೆ ಇಯರ್‌ಫೋನನ್ನು ತುರುಕಿಕೊಳ್ಳುವ ನಮ್ಮ ಪಾಂಡಿತ್ಯವನ್ನು ಕಂಡಿದ್ದರೆ ಸ್ವಾತ್ಮಾರಾಮನು ನಕ್ಕಿರುತ್ತಿದ್ದನೆಂದು ನನ್ನ ಊಹೆ. ಅದೇ ಗ್ರಂಥದ ಮೊದಲ ಉಪದೇಶದಲ್ಲಿ ಅಭ್ಯಾಸದ ಕುಟೀರಕ್ಕೆ ಒಂದು ಸಣ್ಣ ಬಾಗಿಲಿನ ಹೊರತು ಕಿಟಕಿಯೂ ಇರಕೂಡದೆಂದು ಕಟ್ಟಳೆ ಮಾಡಿದವನು ಅವನು. ಸಂಗೀತದವರ ಕಡೆಯ ಸಾಕ್ಷ್ಯವೂ ಇದಕ್ಕೆ ವಿರುದ್ಧವಾಗಿಲ್ಲ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಆಸ್ಥಾನದಲ್ಲಿದ್ದ ಶಾರ್ಙ್ಗದೇವನು 'ಸಂಗೀತರತ್ನಾಕರ'ದಲ್ಲಿ ಆಹತ, ಅನಾಹತ ಎಂದು ನಾದವನ್ನು ಎರಡಾಗಿ ವಿಂಗಡಿಸಿ, ಮುನಿಗಳು ಉಪಾಸಿಸುವ ಅನಾಹತವು ಮುಕ್ತಿಯನ್ನು ಕೊಡುವುದಾದರೂ ಅದರಲ್ಲಿ ರಕ್ತಿಯಿಲ್ಲ, ಆದಕಾರಣ ಜನರ ಮನಸ್ಸನ್ನು ಅದು ರಂಜಿಸಲಾರದು ಎಂದು ನಿರ್ದಾಕ್ಷಿಣ್ಯವಾಗಿ ಒಪ್ಪಿಕೊಂಡಿದ್ದಾನೆ; ಒಪ್ಪಿಕೊಂಡು, ರಂಜಿಸತಕ್ಕ ಆಹತದ ವಿವರಣೆಗೆ ಗ್ರಂಥದ ಬಹುಭಾಗವನ್ನು ಮೀಸಲಿಟ್ಟಿದ್ದಾನೆ. ಎರಡನ್ನೂ ಬಲ್ಲವನು ಎರಡನ್ನೂ ಬೆರೆಸಲಿಲ್ಲ.

ಹಾಗಾದರೆ ದೇಹದ ಶ್ರಮಕ್ಕೂ ಹಾಡಿಗೂ ನಂಟೇ ಇಲ್ಲವೇ ಎಂದು ಯಾರಾದರೂ ಕೇಳಿದರೆ, ಇಲ್ಲವೆನ್ನುವ ಎದೆಗಾರಿಕೆ ಕನ್ನಡಿಗನಾದ ಯಾವನಿಗೂ ಇರಲಾರದು. ನಮ್ಮ ಅಜ್ಜಿಯರು ಹಾಡಿಲ್ಲದೆ ರಾಗಿಯನ್ನು ಬೀಸಿದವರಲ್ಲ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ಎಂಬ ಸಂಕಲನದ ತ್ರಿಪದಿಗಳಲ್ಲಿ ಎಷ್ಟೋ ಬೀಸುವ ಕಲ್ಲಿನ ಮುಂದೆ ಬಾಳಿದವು. ನಮ್ಮ ಹಳ್ಳಿಯ ಮನೆಯಲ್ಲಿ, ಕೋಳಿ ಕೂಗುವ ಮುನ್ನ, ನಡುಮನೆಯ ಕತ್ತಲೆಯಲ್ಲಿ ಇಬ್ಬರು ಹೆಂಗಸರು ಎದುರುಬದುರಾಗಿ ಕಾಲುಚಾಚಿ ಕುಳಿತು ಒಂದೇ ಗೂಟವನ್ನು ಹಿಡಿದು ತಿರುಗಿಸುತ್ತಿದ್ದುದನ್ನು ನಾನು ಕಂಬಳಿಯ ಸಂದಿನಿಂದ ನೋಡಿದ್ದೇನೆ. ಕಲ್ಲು ತನ್ನ ಸುತ್ತನ್ನು ಮುಗಿಸುವಲ್ಲಿ ನುಡಿ ಮುಗಿಯುತ್ತಿತ್ತು. ಹಿಡಿಗಾಳು ಬಾಯಿಗೆ ಬೀಳುವಾಗ ಕಲ್ಲು ಭಾರವಾಗಿ ನಿಧಾನಿಸಿದರೆ ದನಿಯೂ ಎಳೆದುಕೊಳ್ಳುತ್ತಿತ್ತು. ಮೂರನೆಯ ಸಾಲಿನ ಕಡೆಯಲ್ಲಿ ಇಬ್ಬರೂ ಒಂದೇ ಸಲಕ್ಕೆ ಉಸಿರನ್ನು ಸೆಳೆದುಕೊಳ್ಳುತ್ತಿದ್ದರು, ಆಗ ಹಿಟ್ಟು ಉದುರುವ ಸದ್ದು ಮಾತ್ರ ಕೇಳಿಸುತ್ತಿತ್ತು. ಇಲ್ಲಿ ಸಂಗೀತವನ್ನು ಯಾರೂ ಆಯ್ದು ತಂದು ಹಚ್ಚಲಿಲ್ಲ. ಬೀಸುವವಳೇ ಹಾಡುವವಳು, ಹಾಡಿನ ಲಯವು ಕಲ್ಲಿನಿಂದ ಹುಟ್ಟಿದ್ದು, ಕಲ್ಲಿನ ಲಯವು ತೋಳಿನಿಂದ, ತೋಳಿನದು ಉಸಿರಿನಿಂದ. ನಾಟಿಯ ಪದವೂ ಹೀಗೆಯೇ. ಅದೇ ಹೆಂಗಸರ ಮುಂದೆ ರೇಡಿಯೋವನ್ನಿಟ್ಟು ಬೇರೆ ಯಾರದೋ ಬೀಸುವ ಪದವನ್ನು ಹಾಕಿದ್ದರೆ, ಅರ್ಧ ಗಳಿಗೆಯೊಳಗೆ ಅವರು ಒಂದೋ ಬೀಸುವುದನ್ನು ನಿಲ್ಲಿಸಿ ಕೇಳುತ್ತಿದ್ದರು, ಇಲ್ಲವೇ ಅದನ್ನು ಆರಿಸಿ ತಮ್ಮದನ್ನು ಎತ್ತಿಕೊಳ್ಳುತ್ತಿದ್ದರು.

ಆಕಾಶವಾಣಿಯೆಂಬ ಹೆಸರು ಮೊಳೆತದ್ದೇ 1935ರಲ್ಲಿ, ಮೈಸೂರಿನಲ್ಲಿ, ಎಂ. ವಿ. ಗೋಪಾಲಸ್ವಾಮಿಯವರ ಮನೆಯ ಪ್ರಸಾರದಿಂದ. ಅಂದಿನಿಂದ ನಮ್ಮ ನಾಡಿನ ಬೆಳಗುಗಳು ಹಿನ್ನೆಲೆಯ ಹಾಡಿಗೆ ಒಗ್ಗಿಕೊಂಡೇ ಬಂದಿವೆ. ಎಂ. ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತ ನಡೆಯುತ್ತಿರುವಾಗ ಹಾಲು ಉಕ್ಕುತ್ತದೆ, ರಂಗವಲ್ಲಿ ಬೀಳುತ್ತದೆ, ಹುಡುಗರು ಹಲ್ಲುಜ್ಜುತ್ತಾರೆ; ಯಾರಿಗೂ ಬಾಧೆಯಿಲ್ಲ. ಆದುದರಿಂದ ಹಿನ್ನೆಲೆಯ ಸಂಗೀತವೇ ಪಾಪವೆಂದು ನನ್ನ ವಾದವಲ್ಲ. ಹಾಲುಕಾಯಿಸುವವರಿಗೆ ತಮ್ಮ ಉಸಿರಿನ ಮೇಲೆ ಗಮನವಿರಬೇಕಾದ ಕಟ್ಟಳೆಯಿಲ್ಲ, ಅಭ್ಯಾಸಿಗೆ ಇದೆ, ವ್ಯತ್ಯಾಸವೆಲ್ಲ ಇಷ್ಟರಲ್ಲಿದೆ.

ತತ್ತ್ವವನ್ನು ಹೀಗೆ ಕಟ್ಟಿಕೊಂಡ ಮೇಲೆಯೂ ಪರೀಕ್ಷೆಯಿಲ್ಲದೆ ತೀರ್ಪು ಕೊಡುವುದು ತರವಲ್ಲವೆಂದು, ಆರು ತಿಂಗಳ ಕಾಲ ಮನೆಯಲ್ಲಿಯೇ ಬಗೆಬಗೆಯ ಧ್ವನಿಮುದ್ರಿಕೆಗಳನ್ನು ಹಚ್ಚಿಕೊಂಡು ಅಭ್ಯಾಸ ಮಾಡಿ ನೋಡಿದೆ. ಯೋಗಶಾಲೆಗಳಲ್ಲಿ ಅತಿಯಾಗಿ ಕೇಳಿಬರುವ 'ಕಾಲ್ ಆಫ್ ದಿ ವ್ಯಾಲಿ'ಯಿಂದ ತೊಡಗಿದೆ. ಶಿವಕುಮಾರ ಶರ್ಮರ ಸಂತೂರ್, ಹರಿಪ್ರಸಾದ ಚೌರಾಸಿಯಾರ ಕೊಳಲು, ಬ್ರಿಜ್‌ಭೂಷಣ ಕಾಬ್ರಾರ ಗಿಟಾರುಗಳಿಂದ 1967ರಲ್ಲಿ ರೂಪುಗೊಂಡ ಈ ಕೃತಿ, ಕಾಶ್ಮೀರದ ಕುರಿಗಾಹಿಯೊಬ್ಬನ ಒಂದು ದಿನವನ್ನು ಬೆಳಗಿನಿಂದ ಇರುಳಿನವರೆಗೆ ರಾಗಗಳಲ್ಲಿ ನಿರೂಪಿಸುವಂತಹದು. ಅದರ ಹೆಗ್ಗಳಿಕೆ ಅದು, ಅದರ ಅನರ್ಹತೆಯೂ ಅದೇ. ಕಥೆಯಿರುವಲ್ಲಿಗೆ ಮನಸ್ಸು ಹೋಗದಿರುವುದಿಲ್ಲ. ಪಶ್ಚಿಮೋತ್ತಾನದಲ್ಲಿ ಹಣೆಯನ್ನು ಮೊಣಕಾಲಿಗೆ ತಾಗಿಸಿಕೊಂಡಿದ್ದ ನಾನು ಕುರಿಗಳ ಹಿಂದೆ ಬೆಟ್ಟವನ್ನು ಹತ್ತುತ್ತಿದ್ದೆ. ಎಷ್ಟು ಉಸಿರಾಯಿತೆಂಬ ಲೆಕ್ಕ ಹೋಯಿತು. ಜಿಯಾ ಮೊಹಿಯುದ್ದೀನ್ ಡಾಗರರ ರುದ್ರವೀಣೆಯ ಆಲಾಪವು ಇದಕ್ಕಿಂತ ಎಷ್ಟೋ ಮೇಲು. ತಾಳದ ಬಂಧನವಿಲ್ಲ, ಮಂದ್ರದ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿಯೇ ಒಂದು ದೀರ್ಘವಾದ ರೇಚಕ ಕಳೆಯುತ್ತದೆ. ಮೊದಲ ಇಪ್ಪತ್ತು ನಿಮಿಷ ನನ್ನ ಉಸಿರು ನೀಳವಾದುದನ್ನು ನಾನು ಬಲ್ಲೆ. ಬಳಿಕ ಜೋಡ್ ಬಂದಿತು, ಮೀಟಿನಲ್ಲಿ ನಾಡಿ ಹುಟ್ಟಿತು, ನನ್ನ ನಾಡಿ ಅದರ ಹಿಂದೆ ಹೊರಟಿತು. ಕಡೆಗೆ ನಮ್ಮವರೇ ಆದ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ. ಅವರು ತಾನಕ್ಕೆ ಬರುವ ಹೊತ್ತಿಗೆ ನಾನು ಸರ್ವಾಂಗಾಸನದಲ್ಲಿದ್ದೆ. ಎರಡು ಕ್ಷಣ ತಡೆದೆ. ಆಮೇಲೆ ಕಾಲುಗಳನ್ನು ಇಳಿಸಿ, ಗೋಡೆಗೆ ಒರಗಿ, ಕಾಫಿಯನ್ನು ತರಿಸಿಕೊಂಡು, ಮುಗಿಯುವ ತನಕ ಕೇಳಿದೆ. ಆ ದಿನದ ಅಭ್ಯಾಸ ಅಲ್ಲಿಗೆ ಸಮಾಪ್ತವಾಯಿತು. ಅಂತಹ ಮೀಟನ್ನು ಬೆನ್ನುಬಗ್ಗಿಸುವುದಕ್ಕೆ ಊರುಗೋಲಾಗಿ ಬಳಸಿಕೊಳ್ಳುವುದು ವೀಣೆಗೆ ಮಾಡುವ ಅಪಚಾರವೆಂಬುದರಲ್ಲಿ ಇಂದಿಗೂ ನನಗೆ ಸಂದೇಹವಿಲ್ಲ.

ತಾಳವಿರುವ ಸಂಗೀತದ ಮಾತನ್ನು ಪ್ರತ್ಯೇಕವಾಗಿ ಆಡಬೇಕು. ಅಕ್ಷರಕ್ಕೆ ಒಂದು ಸೆಕೆಂಡಿನಂತೆ ನಡೆಯುವ ಆದಿತಾಳದ ಆವರ್ತವು ಎಂಟು ಸೆಕೆಂಡು. ನನ್ನ ಸಹಜವಾದ ಪೂರಕರೇಚಕಗಳು ಕೂಡಿ ಏಳು. ಲೆಕ್ಕದ ಪ್ರಕಾರ ಎಂಟು ಉಸಿರಿಗೆ ಏಳು ಆವರ್ತವಾಗಿ ಒಂದು ಸಲ ಎರಡೂ ಸಮದಲ್ಲಿ ಕೂಡಬೇಕು. ಮೈ ಅಷ್ಟು ಕಾಯುವುದಿಲ್ಲ. ಎರಡನೆಯ ಆವರ್ತದಲ್ಲಿಯೇ ಉಸಿರನ್ನು ಒಂದು ಸೆಕೆಂಡು ಎಳೆದು ತಾಳಕ್ಕೆ ಕಟ್ಟಿಬಿಡುತ್ತದೆ. ಒಂದು ಬೆಳಿಗ್ಗೆ ವೀರಭದ್ರಾಸನದಲ್ಲಿ ಕೈಗಳನ್ನು ಚಾಚಿ ನಿಂತಿದ್ದಾಗ, ಮುಂದಿನ ಕೈಯ ಕಿರುಬೆರಳು ತಾನೇ ತಾನಾಗಿ ಲಘುವಿನ ಎಣಿಕೆಯನ್ನು ಹಾಕುತ್ತಿದ್ದುದನ್ನು ನೋಡಿ ನಾಚಿದೆ. ಸಂಗೀತವನ್ನು ಬಲ್ಲವನಿಗೆ ಈ ಬಾಧೆ ಹೆಚ್ಚೆಂಬುದು ನನ್ನೊಬ್ಬನ ಅನುಭವವಲ್ಲ. ಇಟಲಿಯ ಪಾವಿಯಾದ ವೈದ್ಯ ಲೂಚಾನೊ ಬೆರ್ನಾರ್ಡಿ ಮತ್ತು ಅವರ ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಹನ್ನೆರಡು ಮಂದಿ ಸಂಗೀತಗಾರರಿಗೂ ಹನ್ನೆರಡು ಮಂದಿ ಸಂಗೀತವರಿಯದವರಿಗೂ ನಮ್ಮ ರಾಗಸಂಗೀತವೂ ಸೇರಿದಂತೆ ನಾನಾ ಬಗೆಯ ಸಂಗೀತವನ್ನು ಕೇಳಿಸಿ ನೋಡಿದಾಗ, ಉಸಿರು ಮತ್ತು ನಾಡಿಗಳನ್ನು ಏರಿಸಿದ್ದು ಸಂಗೀತದ ಜಾತಿಗಿಂತಲೂ ಅದರ ಕಾಲಪ್ರಮಾಣವೆಂದು ಕಂಡಿತು. ಸಂಗೀತಗಾರರ ಉಸಿರು ಉಳಿದವರದಕ್ಕಿಂತ ಹೆಚ್ಚಾಗಿ ಅದರ ಹಿಂದೆ ಹೋಯಿತು. ಆ ಪ್ರಯೋಗದ ಸ್ವಾರಸ್ಯ ಇರುವುದು ಇನ್ನೊಂದರಲ್ಲಿ. ಹಾಡುಗಳ ನಡುವೆ ಎರಡು ನಿಮಿಷದ ಮೌನವೊಂದನ್ನು ಇಟ್ಟಿದ್ದರು. ಎಲ್ಲಕ್ಕಿಂತ ಹೆಚ್ಚು ವಿಶ್ರಾಂತಿ ದೊರೆತುದು ಆ ಮೌನದಲ್ಲಿ, ಮೊದಲು ಸುಮ್ಮನೆ ಕುಳಿತಿದ್ದಾಗಿನದಕ್ಕಿಂತಲೂ ಮಿಗಿಲಾಗಿ.

ಮಂತ್ರಗಳ ಧ್ವನಿಮುದ್ರಿಕೆಗಳನ್ನು ಕುರಿತು ನನ್ನ ಅಭಿಪ್ರಾಯ ಕಠಿಣವಾಗಿದೆ. ರವಿಶಂಕರರು ಜಾರ್ಜ್ ಹ್ಯಾರಿಸನ್ನನ ನೆರವಿನಿಂದ 1997ರಲ್ಲಿ ಹೊರತಂದ ಮಂತ್ರಗಳ ಸಂಗ್ರಹವು ಸಂಯಮವುಳ್ಳದ್ದು, ಕುಳಿತು ಕೇಳಲು ಯೋಗ್ಯವಾದದ್ದು. ಅದರ ಮರುವರ್ಷ ಜರ್ಮನಿಯ ದೇವಾ ಪ್ರೇಮಲ್ ಹಾಡಿದ ಗಾಯತ್ರಿಯೂ ಇನಿದಾದ ಕಂಠದ್ದೇ. ಆದರೆ ಜಪಿಸತಕ್ಕದ್ದನ್ನು ಬೇರೊಬ್ಬರಿಂದ ಜಪ ಮಾಡಿಸಿ, ಅದರ ಕೆಳಗೆ ನಾವು ಹೊಟ್ಟೆಯ ಕೊಬ್ಬನ್ನು ಕರಗಿಸುತ್ತಿರುವುದು ಪುರೋಹಿತರಿಗೆ ದಕ್ಷಿಣೆ ಕೊಟ್ಟು ಉಪವಾಸ ಮಾಡಿಸಿದಂತೆ. ಇದೇ ಬೆರ್ನಾರ್ಡಿಯವರ ತಂಡ 2001ರಲ್ಲಿ ಇನ್ನೊಂದು ಪ್ರಯೋಗವನ್ನು ಪ್ರಕಟಿಸಿತ್ತು: ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನಾಗಲಿ ಯೋಗಮಂತ್ರವನ್ನಾಗಲಿ ಬಾಯಿಬಿಟ್ಟು ಹೇಳುವವರ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯುತ್ತದೆಂದು. ಹೇಳುವವರ ಉಸಿರು, ಕೇಳುವವರದಲ್ಲ. ಬೀಸುವ ಕಲ್ಲಿನ ಮುಂದಿನ ಹೆಂಗಸರು ಈ ಗುಟ್ಟನ್ನು ಅಳತೆಯ ಉಪಕರಣಗಳಿಲ್ಲದೆ ಬಲ್ಲವರಾಗಿದ್ದರು. ಮಿತ್ರ, ರವಿ, ಸೂರ್ಯ ಎಂದು ಮೊದಲಾಗುವ ಹನ್ನೆರಡು ನಾಮಗಳನ್ನು ತಾನೇ ಉಚ್ಚರಿಸುತ್ತ ನಮಸ್ಕಾರ ಮಾಡುವ ಹಳೆಯ ರೂಢಿಯಲ್ಲಿಯೂ, ದುಂಬಿಯ ದನಿಯಿಂದ ಉಸಿರೆಳೆದು ಹೆಣ್ಣುದುಂಬಿಯ ದನಿಯಿಂದ ಬಿಡಬೇಕೆಂಬ ಭ್ರಾಮರಿಯಲ್ಲಿಯೂ ನಾದವು ಉಸಿರಿನ ಮೇಲೆಯೇ ಕುಳಿತಿರುವುದರಿಂದ ಅದು ಉಸಿರನ್ನು ಬಿಟ್ಟು ಓಡುವಂತಿಲ್ಲ.

'ಈ ಸಂಗೀತವನ್ನು ಯಾರು ಕೇಳಬೇಕೆಂದರು? ಅದು ಅಲ್ಲಿ ಸುಮ್ಮನೆ ಇರುವುದಕ್ಕಾಗಿ ಇದೆ' ಎಂದು ಹೇಳುವವರ ವಾದವು ಹೆಚ್ಚು ಚತುರವಾದುದು. ಕೇಳಲೂಬಹುದು, ಕೇಳದಿರಲೂಬಹುದು ಎಂಬಂತಹ ಧ್ವನಿಯನ್ನು ರಚಿಸುವುದನ್ನೇ ಧ್ಯೇಯವನ್ನಾಗಿಟ್ಟುಕೊಂಡು ಬ್ರಯನ್ ಈನೊ ಎಂಬ ಆಂಗ್ಲೇಯನು 1978ರಲ್ಲಿ ವಿಮಾನನಿಲ್ದಾಣಗಳಿಗಾಗಿ ಸಂಗೀತವನ್ನು ಕಟ್ಟಿದನು. ಅವನಿಗೂ ಹಿಂದೆ ಫ್ರಾನ್ಸಿನ ಎರಿಕ್ ಸಾತಿ ಕುರ್ಚಿಮೇಜುಗಳಂತೆ ಕೋಣೆಯಲ್ಲಿ ಬಿದ್ದಿರತಕ್ಕ ಸಂಗೀತವನ್ನು ಕಲ್ಪಿಸಿ, 1920ರಲ್ಲಿ ಪ್ಯಾರಿಸಿನ ಚಿತ್ರಶಾಲೆಯೊಂದರಲ್ಲಿ ಅದನ್ನು ನುಡಿಸಿದಾಗ, ಜನರು ಅಭ್ಯಾಸಬಲದಿಂದ ಮಾತು ನಿಲ್ಲಿಸಿ ಕೇಳತೊಡಗಿದರಂತೆ; ಆತನು ಅವರ ನಡುವೆ ಓಡಾಡುತ್ತ, ಕೇಳಬೇಡಿರಿ, ಮಾತನಾಡಿರಿ ಎಂದು ಗೋಗರೆಯಬೇಕಾಯಿತಂತೆ. ಕಿವಿಯ ಸ್ವಭಾವ ಅಂತಹದು. ಕೇಳಿಸದಿರುವಷ್ಟು ಸಪ್ಪೆಯಾಗಿ ರಚಿಸಿದರೆ ಕಿವಿ ಬಿಡುತ್ತದೆ. ಆದರೆ ಆಗ ಅದು ಪಂಖದ ಸದ್ದಿಗಿಂತ ಭಿನ್ನವಾಗಿ ಏನನ್ನು ಮಾಡುತ್ತಿದೆಯೆಂದು ಕೇಳಬೇಕಾಗುತ್ತದೆ. ಯೋಗಸಂಗೀತವೆಂಬ ಚೀಟಿಯಡಿ ಮಾರಾಟವಾಗುವುದರಲ್ಲಿ ಮುಕ್ಕಾಲು ಪಾಲು ಈ ಪಂಖದ ಜಾತಿಗೆ ಸೇರಿದ್ದು. ಸೆಕೆಂಡಿಗೆ 432 ಕಂಪನಗಳ ಶ್ರುತಿಯಲ್ಲಿ ನುಡಿಸಿದರೆ ರೋಗ ಗುಣವಾಗುವುದೆಂಬ ಜಾಹೀರಾತನ್ನು ಕುರಿತು, ಹಾಡುವವನ ಕಂಠಕ್ಕೆ ತಕ್ಕಂತೆ ಷಡ್ಜವನ್ನು ಏರಿಸಿ ಇಳಿಸುತ್ತ ಬಂದಿರುವ ದೇಶದವರಾದ ನಾವು ಮುಗುಳ್ನಕ್ಕು ಮುಂದೆ ಹೋಗಬಹುದು.

ಪಂಖಕ್ಕೂ ಉಪಯೋಗವುಂಟೆಂಬುದನ್ನು ಮಾತ್ರ ಒಪ್ಪಿಕೊಳ್ಳತಕ್ಕದ್ದೇ. ಪಕ್ಕದ ಮನೆಯ ಮಿಕ್ಸಿ, ಕೆಳಗಿನ ರಸ್ತೆಯ ಹಾರ್ನು, ಮೇಲಿನ ಮಹಡಿಯಲ್ಲಿ ಮಂಚವನ್ನು ಎಳೆಯುವ ಸದ್ದುಗಳ ನಡುವೆ ಅಪಾರ್ಟ್‌ಮೆಂಟಿನ ಆರಡಿ ಜಾಗದಲ್ಲಿ ಅಭ್ಯಾಸ ಮಾಡುವ ಹೆಣ್ಣುಮಗಳೊಬ್ಬಳು, ಒಂದು ಮೃದುವಾದ ಧ್ವನಿಯ ಪರದೆಯನ್ನು ಎಳೆದುಕೊಂಡರೆ ಅವಳನ್ನು ಆಕ್ಷೇಪಿಸುವ ಹಕ್ಕು, ಮರಗಳ ನಡುವೆ ಮನೆಯುಳ್ಳ ನನಗಿಲ್ಲ. ಹೊಸಬರಿಗೆ ಮೌನವೇ ಭಯಂಕರ; ತಮ್ಮ ಉಸಿರು ತಮಗೇ ಕೇಳಿಸುವುದನ್ನು ಸಹಿಸಲಾರದೆ ಮೂರನೆಯ ದಿನ ಬಿಟ್ಟುಹೋಗುವ ಎಷ್ಟೋ ಮಂದಿಯನ್ನು ಶಿಕ್ಷಕರು ಕಂಡಿರುತ್ತಾರೆ. ನೋವಿನಿಂದ ನರಳುವವರಿಗೆ ಶವಾಸನದಲ್ಲಿ ಒಂದು ತೊಟ್ಟಿಲ ದನಿ ಬೇಕಾದೀತು. ಆದರೆ ಪರದೆಯನ್ನು ಪರದೆಯೆಂದೇ ಕರೆಯಬೇಕು, ಅದನ್ನು ನಾದಯೋಗವೆಂದು ಕರೆಯಕೂಡದು. ಮನೆಯಲ್ಲಿ ಕೇಳಬಹುದಾದ ಸಂಗೀತವೆಲ್ಲ ಕೈಗೆಟುಕುವಂತಿದ್ದವನು ಯೋಗದಲ್ಲಿ ಏನನ್ನು ಬಯಸಿದನೆಂಬುದಕ್ಕೆ ಯಹೂದಿ ಮೆನುಹಿನ್‌ರ ನಿದರ್ಶನವುಂಟು. ಜಗತ್ಪ್ರಸಿದ್ಧರಾದ ಆ ಪಿಟೀಲುವಾದಕರು 1952ರಲ್ಲಿ ಮುಂಬಯಿಯಲ್ಲಿ, ಕೋಲಾರ ಜಿಲ್ಲೆಯ ಬೆಳ್ಳೂರಿನವರಾದ ಬಿ. ಕೆ. ಎಸ್. ಅಯ್ಯಂಗಾರ್ಯರನ್ನು ಕಂಡು ಶಿಷ್ಯರಾದರು. ಅಯ್ಯಂಗಾರ್ಯರ 1966ರ ಮಹಾಗ್ರಂಥಕ್ಕೆ ಮುನ್ನುಡಿಯನ್ನೂ ಬರೆದರು. ತಮಗೆ ಪಿಟೀಲು ಕಲಿಸಿದ ಅತ್ಯುತ್ತಮ ಗುರುವೆಂಬ ಭಾವದ ಮಾತನ್ನು ಕೆತ್ತಿಸಿ ಅವರಿಗೊಂದು ಕೈಗಡಿಯಾರವನ್ನು ಕೊಟ್ಟರು. ಪಿಟೀಲುವಾದಕನಲ್ಲದ ಗುರು ಅವರಿಗೆ ಕೊಟ್ಟದ್ದು ಶಿರಸ್ಸನ್ನು ಕೆಳಗಿಟ್ಟು ಪಾದವನ್ನು ಮೇಲೆತ್ತಿದ ಕೆಲವು ನಿಮಿಷಗಳ ನಿಶ್ಶಬ್ದವನ್ನು. ಆ ಪದ್ಧತಿಯ ತರಗತಿಗಳಲ್ಲಿ ಇಂದಿಗೂ ಗುರುವಿನ ಕಂಠದ ಹೊರತು ಬೇರೆ ಸ್ವರವಿಲ್ಲ. ಆ ಕಂಠ ಕೆಲವು ವೇಳೆ ತಾರಸ್ಥಾಯಿಗೆ ಹೋಗುವುದುಂಟೆಂದು ಬಲ್ಲವರು ಹೇಳುತ್ತಾರೆ.

ಈಗ ನಾನು ಮಾಡುತ್ತಿರುವುದು ಇಷ್ಟು. ನಮ್ಮ ತಾಯಿಯ ಕಾಲದ ತಂಬೂರಿಯೊಂದು ಮನೆಯಲ್ಲಿದೆ. ಬೆಳಿಗ್ಗೆ ಬಿರಡೆಗಳನ್ನು ತಿರುಗಿಸಿ, ಕುದುರೆಯ ಮೇಲೆ ಜೀವಾಳದ ನೂಲನ್ನು ಕೂದಲೆಳೆಯಷ್ಟು ಹಿಂದೆಮುಂದೆ ಸರಿಸಿ, ತಂತಿ ಬಾಯಿಬಿಡುವ ಜಾಗವನ್ನು ಹುಡುಕಿಕೊಂಡು, ವಜ್ರಾಸನದಲ್ಲಿ ಹತ್ತು ನಿಮಿಷ ಮೀಟುತ್ತೇನೆ. ತಂಬೂರಿ ಎಲ್ಲಿಗೂ ಹೋಗುವುದಿಲ್ಲ. ಪಂಚಮ, ಷಡ್ಜ, ಷಡ್ಜ, ಮಂದ್ರಷಡ್ಜ ಎಂದು ಇದ್ದಲ್ಲಿಯೇ ಇರುತ್ತದೆ. ಮೀಟುವ ಕೈ ನನ್ನದಾದುದರಿಂದ ಅದು ನನ್ನ ಉಸಿರಿಗಿಂತ ಮುಂದೆ ಓಡುವುದೂ ಇಲ್ಲ. ಆಮೇಲೆ ಅದನ್ನು ಮೂಲೆಗೆ ಒರಗಿಸಿ ಅಭ್ಯಾಸಕ್ಕೆ ನಿಲ್ಲುತ್ತೇನೆ. ಮುಕ್ಕಾಲು ಗಂಟೆಯ ಕಾಲ ಕೋಣೆಯಲ್ಲಿ ಉಸಿರಿನ ಸದ್ದು, ಆಗೊಮ್ಮೆ ಈಗೊಮ್ಮೆ ನನ್ನ ಮೊಣಕಾಲಿನ ಲಟಕು. ಶವಾಸನದಿಂದೆದ್ದು ಕುಳಿತು ಮೂರು ಸಲ ಓಂಕಾರವನ್ನು ಹೇಳುವಾಗ, ನನ್ನ ದನಿ ತಂತಿಯ ಶ್ರುತಿಯಲ್ಲಿ ಸರಿಯಾಗಿ ಕುಳಿತರೆ, ಮೂಲೆಯ ತಂಬೂರಿ ಯಾರೂ ಮೀಟದೆಯೇ ಸಣ್ಣಗೆ ನುಡಿಯುತ್ತದೆ. ಭೌತಶಾಸ್ತ್ರದ ಮೇಷ್ಟ್ರುಗಳು ಇದಕ್ಕೆ ಅನುರಣನವೆನ್ನುತ್ತಾರೆ. ಮೀಟದೆ ನುಡಿದ ಮಾತ್ರಕ್ಕೆ ಅನಾಹತವೆನ್ನುವಷ್ಟು ಅಜ್ಞಾನ ನನಗೂ ಇಲ್ಲ. ನಾನು ನಿಲ್ಲಿಸಿದ ಮೇಲೆ ಅದು ಒಂದೆರಡು ಕ್ಷಣ ಉಳಿದು ನಿಲ್ಲುತ್ತದೆ. ಕಳೆದ ಆಷಾಢದ ಒಂದು ತಂಪು ಬೆಳಗಿನಲ್ಲಿ, ಥಂಡಿಗೆ ಬಿರಡೆ ಸಡಿಲಿ ತಂತಿ ಇಳಿದುಹೋಗಿದ್ದಿತು. ಮೊದಲನೆಯ ಓಂಕಾರಕ್ಕೆ ಮೂಲೆಯಿಂದ ಏನೂ ಬರಲಿಲ್ಲ. ಎದ್ದು ಹೋಗಿ ತಿರುಗಿಸುವುದಕ್ಕೆ ಮನಸ್ಸಾಗದೆ, ಎರಡನೆಯದನ್ನು ಕೊಂಚ ಕೆಳಗೆ ಹಿಡಿದು ನೋಡಿದೆ, ಮೂರನೆಯದನ್ನು ಇನ್ನೂ ಕೊಂಚ ಕೆಳಗೆ.